ಬಾಗಿಲು ತೆರೆಯುವವನ ಮಾತು

"ಅಂಕಲ್, ಮೊನ್ನೆ ನೀವು ಹೇಳಿದ್ದು ಖರೇನಾ? ಆ ಸೀನ್ ನಿಮ್ಮ ಕಣ್ಣಾರೆ ನೋಡೀರೇನ್ರಿ?"

ಫೋನಿನಲ್ಲಿ ಇಷ್ಟು ನೇರವಾಗಿ ಕೇಳಿದವಳು ಯಾರೆಂದು ನನಗೆ ಗೊತ್ತಿರಲಿಲ್ಲ. ಹುಬ್ಬಳ್ಳಿ ಕಡೆಯವಳೆಂದು ಮಾತೇ ಹೇಳುತ್ತಿತ್ತು. ಓದಲು ಬಂದು, ಕಾಯಂ ನೆಲೆಸುವ ಪಿಆರ್ ಸಿಕ್ಕಿ, ಸಿಡ್ನಿಯ ಲಿವರ್‌ಪೂಲ್‌ನಲ್ಲಿ ಉಳಿದುಕೊಂಡವಳು. ವಯಸ್ಸಾದವರ ಮನೆಗಳಿಗೆ ಹೋಗಿ ಆರೈಕೆ ಮಾಡುವುದು ಅವಳ ಕೆಲಸ. ಹಿಂದಿನ ಭಾನುವಾರ ಮೆಲ್ಬರ್ನ್‌ನ ನಮ್ಮ ಕನ್ನಡ ಕೂಟದಲ್ಲಿ ನಾನು ಮಾಡಿದ ಭಾಷಣವನ್ನು ಆನ್‌ಲೈನ್‌ನಲ್ಲಿ, ಸಾರಿಗೆ ಬೇಳೆ ಇಟ್ಟುಕೊಂಡು, ಅರ್ಧ ಕಿವಿಯಲ್ಲಿ ಕೇಳುತ್ತಿದ್ದಳಂತೆ. ಪರದೆಯ ಮೇಲೆ ಹಳೆಯ ನಟನೊಬ್ಬನ ಫೋಟೋ ಬಂದಾಗ ಒಲೆ ಆರಿಸಿ ಕೂತಳಂತೆ. ಅದೇ ಫೋಟೋ ಅವಳು ನೋಡಿಕೊಳ್ಳುವ ಒಬ್ಬ ಮುದುಕಿಯ ಮನೆಯ ಗೋಡೆಯ ಮೇಲಿದೆ.

"ಅವ್ರು ನಮ್ಮ ಅಜ್ಜೀ ಅಪ್ಪ, ಅಂಕಲ್. ಅಜ್ಜಿ ನಿನ್ನೆ ಬಾತ್‌ರೂಮಿನಾಗ ಜಾರಿ ಬಿದ್ದಾರ್ರಿ. ಸೊಂಟದ ಮೂಳೆ ಮುರದೈತಿ. ನಾಳಿ ಮಧ್ಯಾಹ್ನ ಆಪರೇಷನ್. ತೊಂಬತ್ತು ದಾಟಿದ ವಯಸ್ಸು, ಹಾರ್ಟೂ ವೀಕ್. ಡಾಕ್ಟರು ಗ್ಯಾರಂಟಿ ಕೊಡವಲ್ರು. ಅಜ್ಜಿ ಕೇಳೋದು ಒಂದೇ ಮಾತು. ಅವರಪ್ಪ ಆ ಪಿಕ್ಚರ್‌ನಾಗ ಮಗಳ ಮಾತು ಎತ್ತಿದ್ದು ಹೌದೋ ಅಲ್ಲೋ. ನೀವು ಫೋನ್‌ನಾಗ ಹೌದು ಅಂದುಬಿಡ್ರಿ, ಸಾಕು."

ಹೌದು ಎನ್ನಲು ಬಾಯಿ ತೆರೆದೆ. ಬಂದ ಮಾತು ಬೇರೆ. "ನಾಳೆ ಬೆಳಿಗ್ಗೆ ನಾನೇ ಬರ್ತೀನಿ" ಎಂದೆ. ಅದು ಸೌಜನ್ಯವಲ್ಲ. ಇನ್ನೂ ಒಂದು ದಿನ ಬೇಕಾಗಿತ್ತು ನನಗೆ.

ಮೆಲ್ಬರ್ನ್ ಪಕ್ಕದ ಕ್ಲೇಟನ್‌ನ ವಿಶ್ವವಿದ್ಯಾಲಯದಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತಿದ್ದವನು. ಒಬ್ಬನೇ ಸಾಕ್ಷಿಯ ಮಾತನ್ನು ನಂಬಬೇಡಿ ಎಂದು ಹುಡುಗರಿಗೆ ವರ್ಷವರ್ಷವೂ ಹೇಳಿದವನು. ನಿವೃತ್ತಿಯ ನಂತರ ಹಳೆಯ ಹಾಲಿವುಡ್ ಚಿತ್ರಗಳ ಹುಚ್ಚು ಹಿಡಿಯಿತು. ನಾಯಕ ನಾಯಕಿಯರದಲ್ಲ, ಅವರ ಹಿಂದೆ ನಿಲ್ಲುವವರದು. ಅವರಲ್ಲಿ ಒಬ್ಬ, ಆ ಫೋಟೋದವನು, ಮೆಲ್ಬರ್ನ್‌ನಲ್ಲೇ ಹುಟ್ಟಿ ಬೆಳೆದವನು. ಊರೂರು ಅಲೆಯುವ ನಾಟಕ ಕಂಪನಿಯಲ್ಲಿದ್ದ. ಸಿನಿಮಾಗೆ ಮಾತು ಬಂದ ಕೆಲವೇ ವರ್ಷಗಳಲ್ಲಿ, ಇಂಗ್ಲಿಷ್ ದೊಡ್ಡಮನೆಗಳ ಧಾಟಿಯಲ್ಲಿ ಮಾತಾಡಬಲ್ಲವರು ಬೇಕು ಎಂಬ ಸುದ್ದಿ ಕೇಳಿ ಅಮೆರಿಕದ ಹಡಗು ಹತ್ತಿದ. ನಾಯಕನಾಗುವ ಮುಖವಲ್ಲ. ಉದ್ದ ಮೂಗು, ಬೇಗ ನರೆತ ಕೂದಲು. ಆದರೆ ಅವನ ಬಳಿ ಹಿಂದೆ ಬಾಲದಂತೆ ಇಳಿಬೀಳುವ ಸ್ವಂತದ್ದೊಂದು ಕಪ್ಪು ಕೋಟಿತ್ತು. ಆ ಕಾಲದ ಸ್ಟುಡಿಯೋಗಳಲ್ಲಿ ಕೋಟು ತಾನೇ ತರುವವನಿಗೆ ದಿನಗೂಲಿಯಲ್ಲಿ ಮೊದಲ ಮಣೆ. ಹೀಗೆ ಅವನು ತೆರೆಯ ಮೇಲೆ ಬಟ್ಲರ್ ಆದ, ದೊಡ್ಡಮನೆಯ ಸೇವಕ. ಬಾಗಿಲು ತೆರೆದ, ಟೋಪಿ ಇಸಿದುಕೊಂಡ, ಟ್ರೇ ಹಿಡಿದ, "ಬಂದಿದ್ದಾರೆ" ಎಂದು ಹೇಳಿ ಹೊರಟುಹೋದ. ಆಮೇಲೆ ರೋಗಿ ಉಳಿಯುವ ಭರವಸೆಯಿಲ್ಲ ಎಂದು ತಲೆಯಾಡಿಸುವ ಡಾಕ್ಟರಾದ, ಮುಳುಗುವ ಹಡಗಿನ ಕ್ಯಾಪ್ಟನ್ ಆದ, ಯುದ್ಧದ ಕಾಲಕ್ಕೆ ಜರ್ಮನ್ ಅಧಿಕಾರಿಯಾದ. ಕೊನೆಕೊನೆಗೆ ಉಯಿಲು ಓದುವ ದೃಶ್ಯಕ್ಕೆ ಮುಂಚೆ ಹಾಸಿಗೆಯಲ್ಲಿ ಸತ್ತು ಬಿದ್ದಿರುವ ಯಜಮಾನ. ಹೆಸರುಗಳ ಪಟ್ಟಿಯಲ್ಲಿ ಅವನ ಹೆಸರು ಬಂದದ್ದಕ್ಕಿಂತ ಬಾರದಿದ್ದದ್ದೇ ಹೆಚ್ಚು. ಅವನು ತಿರುಗಿ ಊರಿಗೆ ಬರಲೇ ಇಲ್ಲ.

ಒಂದೇ ಒಂದು ಚಿತ್ರದಲ್ಲಿ ಅವನಿಗೆ ನಿಜವಾದ ದೃಶ್ಯವಿತ್ತು. ದೊಡ್ಡಮನೆಯ ಮಗು ಮುನಿಸಿಕೊಂಡು ಮನೆ ಬಿಟ್ಟು ಹೊರಡುತ್ತದೆ. ಬಟ್ಲರ್ ಬಾಗಿಲಲ್ಲಿ ತಡೆಯುತ್ತಾನೆ. ಮರುಬಿಡುಗಡೆಯ ಹೊತ್ತಿಗೆ ಚಿತ್ರವನ್ನು ಗಿಡ್ಡ ಮಾಡುವಾಗ ಆ ದೃಶ್ಯ ಹೋಯಿತು. ಈಗ ಉಳಿದಿರುವ ಪ್ರತಿಯಲ್ಲಿ ಬಾಗಿಲು ತೆರೆಯುತ್ತದೆ, ಮುಂದಿನ ಕ್ಷಣ ಮಗು ಊಟದ ಮೇಜಿನಲ್ಲಿದೆ. ಆದರೆ ಸವೆದ ಹಳೆಯ ಪೂರ್ತಿ ಪ್ರತಿಯೊಂದು ಭಾರತದಲ್ಲಿ ಊರಿಂದೂರಿಗೆ ಓಡಾಡಿಕೊಂಡಿದ್ದಿರಬೇಕು. ನಾನು ಚಿಕ್ಕವನಿದ್ದಾಗ ಮೈಸೂರಿನ ಒಂದು ಟಾಕೀಸಿನಲ್ಲಿ, ಭಾನುವಾರ ಬೆಳಗಿನ ಆಟದಲ್ಲಿ, ಅದನ್ನು ನೋಡಿದ್ದೆ. ಕೂಟದ ಭಾಷಣದ ಕೊನೆಗೆ ಇದನ್ನೇ ಹೇಳಿದ್ದೆ. "ಬಟ್ಲರ್ ಮಂಡಿಯೂರಿ ಹೇಳ್ತಾನೆ: ನಿನ್ನಷ್ಟೇ ಎತ್ತರದ ಮಗಳು ನನಗೂ ಒಬ್ಬಳಿದ್ದಾಳೆ, ಸಮುದ್ರದ ಆಚೆ ಬಿಟ್ಟು ಬಂದಿದ್ದೇನೆ. ಈ ಮಾತು ಕೇಳಿದವರಲ್ಲಿ ಬಹುಶಃ ನಾನೇ ಕೊನೆಯವನು." ಚಪ್ಪಾಳೆ ಬಿತ್ತು. ಯಾರೋ ಆಂಟಿ ಕಣ್ಣೊರೆಸಿಕೊಂಡರು.

ಚಪ್ಪಾಳೆಗೆ ಹೇಳಿದ ಮಾತು ಒಂದು, ಆಪರೇಷನ್‌ಗೆ ಮುಂಚೆ ಹೇಳುವ ಮಾತು ಇನ್ನೊಂದು.

ಅಕ್ಕ ಮೆಲ್ಬರ್ನ್ ಹೊರವಲಯದ ಕ್ರೇಗಿಬರ್ನ್‌ನಲ್ಲಿ ಮಗನ ಮನೆಯಲ್ಲಿದ್ದಾಳೆ. ಏರ್‌ಪೋರ್ಟಿನ ದಿಕ್ಕೇ. ಆ ಬೆಳಗಿನ ಆಟಕ್ಕೆ ಅವಳೂ ಬಂದಿದ್ದಳು. ಎರಡನೆಯ ಸಾಕ್ಷಿ ಸಿಕ್ಕಿದರೆ ನಿಶ್ಚಿಂತೆಯಿಂದ ವಿಮಾನ ಹತ್ತಬಹುದು ಎಂದುಕೊಂಡು ಅಲ್ಲಿಗೆ ಕಾರು ತಿರುಗಿಸಿದೆ.

"ಅಜ್ಜೀ, ಯುವರ್ ಬ್ರದರ್ ಈಸ್ ಹಿಯರ್!" ಎಂದು ಮೊಮ್ಮಗಳು ಕೂಗಿ ಒಳಗೆ ಹೋದಳು. ಅಕ್ಕ ಊಟದ ಮೇಜಿನ ಮುಂದೆ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು.

"ಏನೋ, ಹೇಳ್ದೆ ಕೇಳ್ದೆ? ಊಟ ಆಯ್ತಾ?"

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಬಟ್ಲರ್, ಬಾಗಿಲು, ಭಾಷಣ, ಲಿವರ್‌ಪೂಲ್‌ನ ಮುದುಕಿ. ಕೇಳುತ್ತ ಕೇಳುತ್ತ ಅಕ್ಕನ ಕೈ ನಿಂತಿತು.

"ಆ ಮಾತನ್ನ ಮೈಕ್ ಹಿಡ್ಕೊಂಡು ಎಲ್ಲರ ಮುಂದೆ ಹೇಳ್ದ್ಯಾ?"

"ಹೂಂ. ಯಾಕೆ?"

"ಅವನು ಯಾವ ಭಾಷೇಲಿ ಹೇಳ್ದ?"

"ಯಾರು?"

"ನಿನ್ನ ಬಟ್ಲರು ಕಣೋ. ನಿನ್ನ ತಲೇಲಿ ಅವನು ಯಾವ ಭಾಷೇಲಿ ಮಾತಾಡ್ತಿದಾನೆ?"

ಕಣ್ಣು ಮುಚ್ಚಿ ನೋಡಿದೆ. ಉದ್ದ ಮೂಗು, ಕಪ್ಪು ಕೋಟು, ಅಲ್ಲಾಡುವ ತುಟಿ. ಅವನು ಅಚ್ಚ ಮೈಸೂರು ಕನ್ನಡದಲ್ಲಿ ಮಾತಾಡುತ್ತಿದ್ದ. ಆಗ ನನಗೆ ಇಂಗ್ಲಿಷಿನ ಎ ಬಿ ಸಿ ಬಿಟ್ಟರೆ ಏನೂ ಬರುತ್ತಿರಲಿಲ್ಲ. ಇಷ್ಟು ವರ್ಷ ಆ ಮಾತನ್ನು ಹೊತ್ತು ತಿರುಗಿದ ನಾನು, ಪ್ರತಿಯೊಂದನ್ನೂ ಪ್ರಶ್ನಿಸುವವನು ಎಂದು ಹೆಸರು ಪಡೆದ ನಾನು, ಈ ಒಂದು ಪ್ರಶ್ನೆಯನ್ನು ಕೇಳಿಕೊಂಡಿರಲೇ ಇಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಇಂಗ್ಲಿಷ್ ಪಿಕ್ಚರ್‌ಗೆ ಹೋದರೆ ನಮ್ಮಿಬ್ಬರ ನಡುವೆ ಕೂತು, ಪರದೆಯ ಮೇಲಿನವರು ಆಡಿದ್ದನ್ನೆಲ್ಲ ಆಗಿಂದಾಗಲೇ ಕನ್ನಡದಲ್ಲಿ ಪಿಸುಗುಟ್ಟುತ್ತಿದ್ದರು. ಆ ಕಾಲಕ್ಕೆ ಇದೇನೂ ವಿಶೇಷವಲ್ಲ. ಬೆಳಗಿನ ಆಟಕ್ಕೆ ಮಕ್ಕಳನ್ನು ಕರೆತಂದ ಮೇಷ್ಟ್ರು, ವಕೀಲರು ಅಲ್ಲಲ್ಲಿ ಕೂತು ಹೀಗೇ ಪಿಸುಗುಟ್ಟುತ್ತಿದ್ದರು. ಮುಂದಿನ ಸಾಲಿನವರು ತಿರುಗಿ, ಸುಮ್ಮನಿರಿ ಎಂದು ಗದರುತ್ತಿರಲಿಲ್ಲ. "ಸ್ವಲ್ಪ ಜೋರಾಗಿ ಹೇಳಿ ಮೇಷ್ಟ್ರೇ" ಎನ್ನುತ್ತಿದ್ದರು. ಅಪ್ಪ ಶಬ್ದಕ್ಕೆ ಶಬ್ದ ಹೇಳುವವರಲ್ಲ. ಸಾಯುವ ಮಗುವನ್ನು ನಮಗಾಗಿ ಬದುಕಿಸಿಬಿಡುತ್ತಿದ್ದರು. "ಊರಿಗೆ ಹೋಯ್ತು, ನಾಳೆ ಬರತ್ತೆ" ಎನ್ನುತ್ತಿದ್ದರು.

"ಆವಾಗ ನಾನು ಎಲ್ಲಿದ್ದೆ ಹೇಳು" ಎಂದಳು ಅಕ್ಕ.

ನಂಜನಗೂಡಿನಲ್ಲಿದ್ದಳು. ನಮ್ಮ ಕಡೆಯ ಎಷ್ಟೋ ಮನೆಗಳಂತೆ, ಒಂಟಿಯಾದ ಅಜ್ಜಿಗೆ ಜೊತೆಗಿರಲಿ ಎಂದು ಹಿರಿಯ ಮಗಳನ್ನು ಅಲ್ಲಿ ಬಿಟ್ಟಿದ್ದರು. ರಜಕ್ಕೆ ಬರುತ್ತಿದ್ದಳು, ರಜ ಮುಗಿದರೆ ಕಪಿಲಾ ಹೊಳೆಯ ಸೇತುವೆ ದಾಟಿ ಹೋಗುತ್ತಿದ್ದಳು. ಆ ಚಿತ್ರ ನೋಡಿದ್ದು ಅವಳು ಹೊರಡುವ ಹಿಂದಿನ ದಿನ. ಇದು ನನಗೆ ಮರೆತೇಹೋಗಿತ್ತು.

"ಅಪ್ಪ ಅವತ್ತು ನನ್ನ ಕಡೆ ತಿರುಗಿ ಹೇಳಿದ್ರು. ನಿನ್ನ ಕಡೆ ಅಲ್ಲ. ನೀನು ಪಕ್ಕದಲ್ಲಿದ್ದೆ, ನಿನ್ನ ಕಿವಿಗೂ ಬಿತ್ತು, ಅಷ್ಟೇ. ನನ್ನ ಹೋಳಿಗೇಲಿ ನೀನು ಒಂದು ಚೂರು ಮುರ್ಕೊಂಡ ಹಾಗೆ. 'ಹೊಳೆ ಆಚೆ ಬಿಟ್ಟು ಬಂದಿದೀನಿ' ಅಂದ್ರು. ಯಾವ ದೇಶದ ಬಟ್ಲರು ಕಪಿಲಾ ಹೊಳೆ ವಿಷಯ ಮಾತಾಡ್ತಾನೋ? ಇಡೀ ಜನ್ಮದಲ್ಲಿ ಒಂದೇ ಸಲ ಆ ಮಾತು ಬಂತು ಅವರ ಬಾಯಲ್ಲಿ. ಅದೂ ಕತ್ತಲಲ್ಲಿ, ಯಾವನೋ ಬಿಳಿಯನ ಬೆನ್ನ ಹಿಂದೆ ಅವಿತುಕೊಂಡು. ಈಗ ನೀನು ಹೋಗಿ ಅದನ್ನ ಅವಳಿಗೆ ಕೊಟ್ಟುಬಿಟ್ರೆ ನಂಗೇನೋ ಉಳಿಯತ್ತೆ?"

"ಇನ್ನೊಂದು ಸಾಧ್ಯತೆ ಇದೆ ಅಕ್ಕ. ಅವನೂ ಅಂಥದ್ದೇ ಏನೋ ಹೇಳಿರಬಹುದು. ಅಪ್ಪ ಅದನ್ನ ನಿನ್ನ ಕಡೆ ತಿರುಗಿಸಿರಬಹುದು."

"ಸಾಧ್ಯತೆ! ನಿನ್ನ ಸಾಧ್ಯತೆ ನಿನ್ನ ಕ್ಲಾಸಲ್ಲಿಟ್ಕೋ."

ಎದ್ದು ಅಡಿಗೆಮನೆಗೆ ಹೋದಳು. ಒಂದು ಸ್ಟೀಲ್ ಡಬ್ಬಿಗೆ ಮೊಸರನ್ನ ತುಂಬಿಸಿ, ಉಪ್ಪಿನಕಾಯಿ ಇಟ್ಟು ಕೊಟ್ಟಳು. ನಾನು ಚಪ್ಪಲಿ ಮೆಟ್ಟುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ಹೊಳೆ ಅಂದ್ರು. ಸಮುದ್ರ ಅಲ್ಲ. ಅದೊಂದು ನೆನಪಿರಲಿ."

ಜೋರು ಗಾಳಿಗೆ ವಿಮಾನ ಕುಲುಕುತ್ತಿತ್ತು. ಬೆಲ್ಟ್ ಬಿಗಿದು ಕೂತು ಒಂದೊಂದೇ ಎಳೆ ಬಿಡಿಸಿದೆ. ಬಟ್ಲರ್ ಮಂಡಿಯೂರಿದ್ದು ನಿಜವೇ? ನಾನು ಕೂಟದಲ್ಲಿ ತೋರಿಸಿದ ಫೋಟೋ ಅದೇ ದೃಶ್ಯದ್ದು. ಅದರಲ್ಲಿ ಅವನು ನೆಟ್ಟಗೆ ನಿಂತಿದ್ದಾನೆ. ಹಾಗಾದರೆ ಬಾಗಿದವರು ಯಾರು? ಅಕ್ಕನ ಕಿವಿಯ ಕಡೆಗೆ ಬಾಗಿದ ಅಪ್ಪನೇ? ಸಮುದ್ರ ಎಲ್ಲಿಂದ ಬಂತು? ಆ ನಟ ಹಡಗು ಹತ್ತಿ ಹೋದದ್ದನ್ನು ಓದಿದ ಮೇಲೆ ಹೊಳೆಯನ್ನು ನಾನೇ ಸಮುದ್ರ ಮಾಡಿಕೊಂಡೆನೇ? ಒಂದು ಸಂಗತಿ ಮಾತ್ರ ಎಷ್ಟು ಜಾಡಿಸಿದರೂ ಉದುರಲಿಲ್ಲ. ಅಪ್ಪ ಹೇಳಿ ಮುಗಿಸಿದ ಮೇಲೂ ಪರದೆಯ ಮೇಲೆ ಅವನ ತುಟಿ ಅಲ್ಲಾಡುತ್ತಲೇ ಇತ್ತು. "ಆಮೇಲೆ ಏನಂದ?" ಎಂದು ಅಪ್ಪನ ತೋಳು ಎಳೆದೆ. ಅಪ್ಪ ಹೇಳಲಿಲ್ಲ.

ಬೆಳಿಗ್ಗೆ ಲಿವರ್‌ಪೂಲ್‌ನ ಆಸ್ಪತ್ರೆಯ ಲಿಫ್ಟಿನ ಬಳಿ ಆ ಹುಡುಗಿ ಕಾಯುತ್ತಿದ್ದಳು. ಕೆಲಸದ ಸಮವಸ್ತ್ರದಲ್ಲೇ ಬಂದಿದ್ದಳು, ಕಣ್ಣು ನಿದ್ದೆಗೆಟ್ಟಿತ್ತು. "ಆಪರೇಷನ್ ಮುಂದಕ್ಕ ತಂದಾರ್ರಿ. ಯಾವಾಗ ಬೇಕಾದ್ರೂ ಕರ್ಕೊಂಡು ಹೋಗ್ತಾರ. ಲಗೂ ಬರ್ರಿ."

ಹಾಸಿಗೆಯಲ್ಲಿದ್ದ ಮುದುಕಿ ಗುಬ್ಬಿಯಷ್ಟಿದ್ದರು. ಆ ನಟನ ಉದ್ದ ಮೂಗು ಮಗಳಿಗೂ ಬಂದಿತ್ತು. ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಇಂಗ್ಲಿಷಿನಲ್ಲಿ ಕೇಳಿದರು: "ನೀವೇ ಏನು ಆ ಸಾಕ್ಷಿ?"

"ನಾನೇ."

"ಸಿಹಿ ಬೇಡ. ಈ ವಯಸ್ಸಿಗೆ ಎಲ್ಲರೂ ಸಿಹಿ ಮಾತನ್ನೇ ಹೇಳುತ್ತಾರೆ. ನಿಜ ಎಷ್ಟಿದೆಯೋ ಅಷ್ಟು ಕೊಡಿ."

ಅವರ ತಾಯಿ ಆ ಚಿತ್ರವನ್ನು ಬಿಡುಗಡೆಯಾದಾಗ ಮೆಲ್ಬರ್ನ್‌ನಲ್ಲಿ ಒಬ್ಬರೇ ಹೋಗಿ ನೋಡಿದರಂತೆ. ಮನೆಗೆ ಬಂದು ಟೋಪಿಯನ್ನೂ ತೆಗೆಯದೆ ಕೂತುಬಿಟ್ಟರಂತೆ. "ನಿನ್ನ ಮಾತು ಎತ್ತಿದ" ಎಂದಷ್ಟೇ ಹೇಳಿದರು. ಏನೆಂದ ಎಂದು ಎಷ್ಟು ಕಾಡಿದರೂ ಸಾಯುವ ತನಕ ಹೇಳಲಿಲ್ಲ. ಮಗಳು ಬೆಳೆದು ಹುಡುಕುವ ಹೊತ್ತಿಗೆ ದೃಶ್ಯವೇ ಇರಲಿಲ್ಲ. ಅಪ್ಪನ ಧ್ವನಿಯನ್ನು ಬೇರೆ ಚಿತ್ರಗಳಲ್ಲಿ ಕೇಳಿದ್ದರು. "ಬಂದಿದ್ದಾರೆ", "ಹೋಗಿದ್ದಾರೆ", "ಊಟ ತಯಾರಿದೆ". ಅಷ್ಟೇ. "ಅಮ್ಮ ನನ್ನ ಸಮಾಧಾನಕ್ಕೆ ಹೇಳಿದ ಸುಳ್ಳೂ ಇರಬಹುದು" ಎಂದರು. "ಅದಕ್ಕೇ ನೀವು ಬೇಕಾಗಿತ್ತು. ನಿಮಗೆ ನನ್ನನ್ನು ಸಮಾಧಾನ ಮಾಡುವ ಕಾರಣವಿಲ್ಲ."

ಹುಡುಗಿ ಹಾಸಿಗೆಯ ಆ ಬದಿಯಿಂದ ನನ್ನನ್ನೇ ನೋಡುತ್ತಿದ್ದಳು. ಹೌದು ಎಂದರೆ ಮುಗಿಯುತ್ತಿತ್ತು.

"ನಿಮ್ಮ ತಂದೆಯ ತುಟಿ ಅಲ್ಲಾಡಿದ್ದು ನೋಡಿದೆ" ಎಂದೆ. "ಆದರೆ ನನಗೆ ಆಗ ಇಂಗ್ಲಿಷ್ ಬರುತ್ತಿರಲಿಲ್ಲ. ಕೇಳಿಸಿದ್ದು ನನ್ನ ತಂದೆಯ ಧ್ವನಿ, ನಮ್ಮ ಭಾಷೆಯಲ್ಲಿ. ಅವರು ಅನುವಾದ ಮಾಡಿದರೋ, ಸ್ವಂತದ್ದು ಸೇರಿಸಿದರೋ, ಗೊತ್ತಿಲ್ಲ. ನನ್ನ ಅಕ್ಕನೂ ಪಕ್ಕದಲ್ಲಿದ್ದಳು. ಆ ಮಾತು ತನಗೇ ಹೇಳಿದ್ದು ಅನ್ನುತ್ತಾಳೆ. ಅವಳನ್ನೂ ನಮ್ಮ ತಂದೆ ದೂರದಲ್ಲಿ ಬಿಟ್ಟಿದ್ದರು."

"ಅಂಕಲ್," ಹುಡುಗಿ ಕನ್ನಡದಲ್ಲಿ ಹಲ್ಲು ಕಚ್ಚಿ ಹೇಳಿದಳು, "ಹೌದು ಅಂದ್ರ ನಿಮ್ಮ ಗಂಟೇನು ಹೋಗ್ತಿತ್ರಿ? ಇದನ್ನ ಹೇಳಾಕ ಮೆಲ್ಬರ್ನ್‌ನಿಂದ ಬಂದ್ರೇನು?"

ಮುದುಕಿ ಕೈಯೆತ್ತಿ ಅವಳನ್ನು ಸುಮ್ಮನಾಗಿಸಿದರು. "ನಿಮ್ಮ ತಂದೆ ಸುಳ್ಳುಗಾರರೇ?"

"ಅಲ್ಲ. ಆದರೆ ಸಿನಿಮಾದಲ್ಲಿ ಸತ್ತ ಮಕ್ಕಳನ್ನು ಬದುಕಿಸುತ್ತಿದ್ದರು."

ಅವರು ನಕ್ಕರು. ನೋವಾಗಿ ನಗು ಅಲ್ಲೇ ನಿಂತಿತು. ಹೊಳೆಯ ವಿಷಯವನ್ನೂ ಹೇಳಿಬಿಡಬೇಕೆಂದು ನಾನು ಮಾತು ಜೋಡಿಸುವಷ್ಟರಲ್ಲಿ ಅವರೇ ಕೇಳಿದರು: "ಆ ಹುಡುಗಿ ಇದ್ದಾಳೆಯೇ? ನಿಮ್ಮ ಅಕ್ಕ?"

"ಇದ್ದಾಳೆ."

"ಫೋನ್ ಮಾಡಿ."

ಮಾಡಿದೆ. ಸ್ಪೀಕರ್‌ಗೆ ಹಾಕುತ್ತಿದ್ದಂತೆಯೇ ಅಕ್ಕನ ಧ್ವನಿ ಇಡೀ ಕೋಣೆಗೆ ಕೇಳಿಸಿತು. "ಏನಾಯ್ತೋ? ಕೊಟ್ಟುಬಿಟ್ಯಾ?"

"ಅಕ್ಕ, ಸ್ಪೀಕರ್‌ನಲ್ಲಿದೀಯ. ಅವರು ನಿನ್ನ ಹತ್ರ ಮಾತಾಡ್ಬೇಕಂತೆ."

ಮುದುಕಿ ತಲೆಯನ್ನು ದಿಂಬಿನಿಂದ ಸ್ವಲ್ಪ ಎತ್ತಿದರು. ನಿಧಾನವಾಗಿ, ಬಿಡಿಸಿ ಬಿಡಿಸಿ ಇಂಗ್ಲಿಷಿನಲ್ಲಿ ಹೇಳಿದರು: "ಆ ಮಾತು ನಿಮ್ಮದು ಎಂದು ಕೇಳಿದೆ. ಅದನ್ನು ಕಸಿಯುವ ಆಸೆ ನನಗಿಲ್ಲ. ನನ್ನ ಅಪ್ಪ ಬಾಯಿ ತೆರೆದಾಗ ನಿಮಗೆ ಏನು ಕೇಳಿಸಿತೋ ಅದನ್ನು ಒಂದು ಸಲ ನನ್ನ ಕಿವಿಗೂ ಹಾಕುತ್ತೀರಾ? ನಿಮ್ಮ ಭಾಷೆಯಲ್ಲೇ ಆಗಲಿ."

ಕ್ರೇಗಿಬರ್ನ್‌ನಲ್ಲಿ ಕುಕ್ಕರ್ ಕೂಗಿತು. ಅದನ್ನು ಆರಿಸಲು ಯಾರೂ ಏಳಲಿಲ್ಲ, ಇನ್ನೊಂದು ಸಲ ಕೂಗಿತು. ಹಸಿರು ಬಟ್ಟೆಯ ಇಬ್ಬರು ಬಂದು ಬಾಗಿಲಲ್ಲಿ ನಿಂತರು. ಅವರನ್ನು ಕಂಡು ಹುಡುಗಿ, ಒಂದು ನಿಮಿಷ ಎಂದು ಬೆರಳೆತ್ತಿದಳು. ಅಕ್ಕ ಫೋನ್ ಇಟ್ಟುಬಿಟ್ಟಳೇನೋ ಎಂದು ನಾನು ಪರದೆ ನೋಡಿದೆ. ಇಟ್ಟಿರಲಿಲ್ಲ. ಉಸಿರು ಕೇಳಿಸುತ್ತಿತ್ತು.

ಆಮೇಲೆ ಅವಳು ಹೇಳಿದಳು. ಹುರುಳಿಕಾಯಿ ಸೋಸುವ ಅಕ್ಕನ ಧ್ವನಿಯಲ್ಲ ಅದು. ಕತ್ತಲಲ್ಲಿ, ಮುಂದಿನ ಸಾಲಿಗೂ ಕೇಳಲಿ ಎಂಬಂತೆ, ಮೇಷ್ಟ್ರು ಪಿಸುಗುಟ್ಟುವ ಧಾಟಿ.

"ಮಗೂ, ನಿನ್ನಷ್ಟೇ ಎತ್ತರದ ಮಗಳು ನನಗೂ ಒಬ್ಬಳಿದ್ದಾಳೆ. ಸಮುದ್ರದ ಆಚೆ ಬಿಟ್ಟು ಬಂದಿದೀನಿ. ಬಿಡಬಾರದಾಗಿತ್ತು."

ನಾನು ಬಾಯಿ ತೆರೆದೆ. ಸಮುದ್ರವೇ? ನಿನ್ನೆ ಬಾಗಿಲಲ್ಲಿ ನಿಂತು ಏನು ಹೇಳಿದ್ದಳು? ಮತ್ತೆ ಆ ಕೊನೆಯ ಮಾತು? ಅದನ್ನು ನಾನು ಎಂದೂ ಕೇಳಿರಲೇ ಇಲ್ಲ. ಹುಡುಗಿ ಆಗಲೇ ಮುದುಕಿಯ ಕಿವಿಯ ಬಳಿ ಬಾಗಿ ಒಂದೊಂದೇ ಮಾತನ್ನು ಇಂಗ್ಲಿಷ್ ಮಾಡುತ್ತಿದ್ದಳು. ತೆರೆದ ಬಾಯಿಯನ್ನು ಮುಚ್ಚಿಕೊಂಡೆ.

ಮುದುಕಿ ಕಣ್ಣು ಮುಚ್ಚಿ ಕೇಳಿದರು. "ಪುರಾವೆ ಅಲ್ಲ, ಗೊತ್ತು" ಎಂದರು, ನನ್ನ ಕಡೆ ನೋಡದೆ. ಫೋನಿಗೆ ಹೇಳಿದರು: "ನಿಮಗೂ ಆ ಮಾತನ್ನು ಒಂದೇ ಸಲ ಹೇಳಿದರೇ?"

"ಒನ್ಲಿ ಒನ್ಸ್" ಎಂದಳು ಅಕ್ಕ. "ಇನ್ ದ ಡಾರ್ಕ್."

"ಗಂಡಸರು" ಎಂದರು ಮುದುಕಿ. ಆ ಕಡೆಯಿಂದ ಅಕ್ಕ ನಕ್ಕದ್ದು ಕೇಳಿಸಿತು. ಹಸಿರು ಬಟ್ಟೆಯವರು ಮಂಚದ ಚಕ್ರದ ತಡೆ ಬಿಡಿಸಿದರು. ಹುಡುಗಿ ಮಂಚದ ಜೊತೆಗೇ ಹೆಜ್ಜೆ ಹಾಕುತ್ತ ಬಾಗಿಲ ತನಕ ಹೋದಳು. ಆಚೆಗೆ ಬಿಡಲಿಲ್ಲ.

ಕಾಯುವ ಕೋಣೆಯಲ್ಲಿ ನಾವಿಬ್ಬರೂ ಒಂದೇ ಡಬ್ಬಿಯಿಂದ ಮೊಸರನ್ನ ತಿಂದೆವು. "ಸಿಟ್ಟು ಮಾಡ್ಕೋಬ್ಯಾಡ್ರಿ" ಎಂದಳು. ಅಜ್ಜಿಯ ಮನೆಯ ಬೀರುವಿನಲ್ಲಿ ಆ ಕಪ್ಪು ಕೋಟು ಈಗಲೂ ನೇತಾಡುತ್ತದಂತೆ. ಆ ನಟ ಸತ್ತ ಮೇಲೆ ಅಮೆರಿಕದಿಂದ ಬಂದದ್ದು ಅದೊಂದೇ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕುವ ಕೆಲಸ ಇವಳದು. ಬಾಗಿಲು ತೆರೆದಾಗಲೆಲ್ಲ ಇಬ್ಬರೂ ತಲೆಯೆತ್ತುತ್ತಿದ್ದೆವು. ಪ್ರತಿ ಸಲವೂ ಬೇರೆಯವರ ಹೆಸರು ಕೂಗುತ್ತಿದ್ದರು.

ಕೊನೆಗೆ ನಮ್ಮ ಸರದಿ ಬಂತು. ಆಪರೇಷನ್ ಆಗಿದೆ, ಎಚ್ಚರವಾಗಿದೆ, ಇನ್ನೆರಡು ದಿನ ಕಣ್ಣಿಟ್ಟು ನೋಡಬೇಕು ಎಂದರು. ಹುಡುಗಿ ಸಮವಸ್ತ್ರದ ತೋಳಿನಲ್ಲೇ ಮುಖ ಒರೆಸಿಕೊಂಡು ಒಳಗೆ ಓಡಿದಳು.

ನಾನು ಹೊರಗೆ ಬಂದು ಅಕ್ಕನಿಗೆ ಫೋನ್ ಮಾಡಿ ಸುದ್ದಿ ಹೇಳಿದೆ. "ಸದ್ಯ" ಎಂದಳು. ಅಲ್ಲಿಗೆ ನಿಲ್ಲಿಸಬಹುದಿತ್ತು. ನನ್ನಿಂದ ಆಗಲಿಲ್ಲ.

"ಅಕ್ಕ, ನಿನ್ನೆ ಹೊಳೆ ಅಂದೆ."

"ಅಂದ್ನಾ?"

"ಅಂದೆ. ಬಾಗಿಲಲ್ಲಿ ನಿಂತು ಅಂದೆ. ನೆನಪಿಟ್ಕೋ ಅಂತ ಬೇರೆ ಹೇಳ್ದೆ. ಮತ್ತೆ, ಬಿಡಬಾರದಾಗಿತ್ತು ಅಂತ ಅಪ್ಪ ಹೇಳಿದ್ರಾ? ನಿಜವಾಗ್ಲೂ?"

ಆ ಕಡೆ ಪಾತ್ರೆ ಸದ್ದಾಯಿತು. ನಲ್ಲಿ ತಿರುಗಿಸಿದಳು, ನಿಲ್ಲಿಸಿದಳು.

"ಟಾಕೀಸಲ್ಲಿ ನಿಂಗಾಗ ನಿದ್ದೆ ಬಂದಿತ್ತು ಕಣೋ" ಎಂದಳು. "ಡಬ್ಬಿ ಅಲ್ಲೇ ಬಿಟ್ಟು ಬರ್ಬೇಡ, ತೊಳೆದು ತಗೊಂಡ್ ಬಾ."